ಹಗ್ಗ ಹಿಡಿದವರ ಪಾಲು

ಇವತ್ತು ಬೆಳಿಗ್ಗೆ ಜಗಲಿಯ ಕುರ್ಚಿಯಲ್ಲಿ ಕಾಲು ಚಾಚಿ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದೆ. ಬಂಗಡೆಯ ವಾಸನೆ ಬಂತು. ಹಿಂದೆಯೇ ಹೆಂಡತಿ ಬಂದಳು, ಕೈಯಲ್ಲಿ ಮೀನು ತುಂಬಿದ ಒಂದು ಪ್ಲಾಸ್ಟಿಕ್ ಕೊಟ್ಟೆ. "ಹಿಂಬಾಗಿಲಿಗೆ ನಾಗವೇಣಿ ಬಂದಿತ್ತು. 'ಪಾಪ, ಸರ್‌ಗೆ ಮೊಣಕಾಲು ನೋವಂತೆ, ಕೂತಲ್ಲೇ ಇರ್ಲಿ, ಇದು ಕೊಡಿ' ಅಂತ ಹೇಳಿ ಹೋತು."

ಪಾಪವಂತೆ! ಕಡಲ ತೀರದ ಮಂಕಿ ಊರಿನ ಹತ್ತಿರದ ಕಾಲೇಜೊಂದರಲ್ಲಿ ಮೂವತ್ತು ವರ್ಷ ಡ್ರಿಲ್ ಮಾಸ್ತರನಾಗಿದ್ದವನು ನಾನು. ನನ್ನ ಸೀಟಿ ಕೇಳಿ ಪಕ್ಕದ ಗದ್ದೆಯ ಎತ್ತುಗಳೂ ನಿಲ್ಲುತ್ತಿದ್ದವು. ಮೈಯೆಲ್ಲ ಉರಿದುಹೋಯಿತು. ಅದೂ ಈ ಹುಡುಗಿಯ ಬಾಯಲ್ಲಿ ಆ ಮಾತು! ಯಾಕೆ ಉರಿಯಿತು ಎಂದು ನಿಮಗೆ ತಿಳಿಯಬೇಕಾದರೆ ನಾಲ್ಕು ವರ್ಷ ಹಿಂದೆ, ಅವಳು ಆಸ್ಪತ್ರೆಯಿಂದ ಮನೆಗೆ ಬಂದ ಕಾಲಕ್ಕೆ ಹೋಗಬೇಕು.

ನಾಗವೇಣಿ ಮೀನುಗಾರರ ಮನೆಯವಳು, ನಮ್ಮ ಥ್ರೋಬಾಲ್ ತಂಡದ ಹುಡುಗಿ. ಹದಿನೇಳರಲ್ಲಿ ರಕ್ತದ ಕ್ಯಾನ್ಸರ್ ಆಯಿತು. ಎರಡು ವರ್ಷ ಮಂಗಳೂರಿನ ಆಸ್ಪತ್ರೆ. ಕೂದಲು ಹೋಗಿ ಮತ್ತೆ ಬಂತು, ರೋಗ ಹೋದದ್ದು ಮತ್ತೆ ಬರಲಿಲ್ಲ. ಮನೆಗೆ ಕಳಿಸುವಾಗ ಡಾಕ್ಟರು ಒಂದು ಕಾಗದ ಕೊಟ್ಟಿದ್ದರು. ದಿನಾ ನಡೆಯಬೇಕು, ಮೊದಲು ಹತ್ತು ನಿಮಿಷ, ವಾರ ವಾರ ಸ್ವಲ್ಪ ಹೆಚ್ಚು, ಆಮೇಲೆ ಕೈಕಾಲಿಗೆ ಬಲ ಬರುವ ವ್ಯಾಯಾಮ. ಸುಸ್ತೆಂದು ಮಲಗಿಯೇ ಇದ್ದರೆ ಸುಸ್ತು ಹೆಚ್ಚುತ್ತದೆ ಎಂದೂ ಬರೆದಿತ್ತು.

ಆ ಕಾಗದ ಏನಾಯಿತು ಗೊತ್ತೆ? ಅವಳ ಅಜ್ಜಿ ಅದಕ್ಕೆ ಕುಂಕುಮ ಹಚ್ಚಿ ದೇವರ ಪಟದ ಹಿಂದೆ ಸಿಕ್ಕಿಸಿದಳು. ದಿನಾ ಊದುಬತ್ತಿಯ ಹೊಗೆ ಕುಡಿಯುತ್ತ ಅಲ್ಲೇ ಇತ್ತು, ಅವಳ ಹೊರತು ಓದಿದವರಿಲ್ಲ. ನಮ್ಮ ಕಡೆ ಆಸ್ಪತ್ರೆಯಿಂದ ಬಂದ ಹೆಣ್ಣಿಗೆ ಗೊತ್ತಿರುವುದು ಒಂದೇ ಆರೈಕೆ, ಬಾಣಂತನ. ಕಿಟಕಿ ಮುಚ್ಚಿದ ಕೋಣೆ, ತಲೆಗೆ ಬಟ್ಟೆ, ಕಾಳುಮೆಣಸಿನ ಕಷಾಯ, ಗಂಜಿ. ಗಾಳಿ ತಾಗಬಾರದು, ಕೊಡ ಎತ್ತಬಾರದು. ಬಾಣಂತಿಗಾದರೂ ನಲವತ್ತು ದಿನಕ್ಕೆ ಬಿಡುಗಡೆ ಉಂಟು, ಇವಳಿಗೆ ಎಂಟು ತಿಂಗಳಾದರೂ ಇಲ್ಲ. ನೋಡಲು ಬಂದವರೆಲ್ಲ ಬಿಸ್ಕತ್ತಿನ ಪೊಟ್ಟಣ ಇಟ್ಟು, ಸೆರಗಿನಲ್ಲಿ ಮೂಗೊರಸಿ, "ಪಾಪ" ಅಂದು ಎದ್ದರು. ಒಬ್ಬಳಂತೂ ಹುಡುಗಿಯ ಎದುರೇ, "ಇನ್ನು ಇದ್ರ ಮದ್ವೆ ಗಿದ್ವೆ ಎಂತದು" ಎಂದಳಂತೆ. ಇಂಥ ಕರುಣೆಗಿಷ್ಟು ಬೆಂಕಿ ಹಾಕ!

ಹೀಗೆ ಊರವರನ್ನು ಬೈಯುವಾಗ ನನ್ನ ಪ್ರತಾಪವನ್ನೂ ಹೇಳಬೇಕಲ್ಲ. ಕೊನೆಗೆ ಅವಳು ಹಟ ಹಿಡಿದು ಮತ್ತೆ ಕಾಲೇಜಿಗೆ ಸೇರಿದಳು. ಮೊದಲ ದಿನವೇ ಮೈದಾನಕ್ಕೆ ಬಂದು ಆ ಕಾಗದದ ಒಂದು ಜೆರಾಕ್ಸ್ ನನ್ನ ಕೈಗಿತ್ತಳು. "ಸರ್, ದಿನಾ ಒಂದೇ ಒಂದ್ ಸುತ್ತು ನಡೀತೆ. ನೀವು ಜೊತೇಲಿರಿ ಸಾಕು." ನಾನು ಕಾಗದವನ್ನು ಮಡಚಿ ಡ್ರಾಯರಿಗೆ ಹಾಕಿದೆ. ನೆರಳಿಗೆ ಒಂದು ಕುರ್ಚಿ ತರಿಸಿ, ಕೊರಳಿನ ಸೀಟಿ ತೆಗೆದುಕೊಟ್ಟು, "ನೀನು ಅಂಪೈರ್" ಎಂದೆ. ಎಂಥ ಉದಾರಿ ನಾನು ಎಂದು ಹೆಂಡತಿಯ ಮುಂದೂ ಕೊಚ್ಚಿಕೊಂಡೆ. ನಿಜ ಹೇಳಬೇಕೆಂದರೆ ಹೆದರಿಕೆ. ಬಿದ್ದುಗಿದ್ದರೆ ಹೊಣೆ ಯಾರು? ಮೂವತ್ತು ವರ್ಷ ಊರ ಮಕ್ಕಳಿಗೆಲ್ಲ 'ಓಡಿ, ಓಡಿ' ಎಂದು ಕೂಗಿದವನು, ನಡೆಯಲೇಬೇಕಾಗಿದ್ದ ಒಬ್ಬಳಿಗೆ ಕೂತುಕೋ ಎಂದೆ. ಈಗಲೂ ನೆನೆದರೆ ನಾಚಿಕೆಯಾಗುತ್ತದೆ.

ಮೂರು ದಿನ ಊದಿದಳು. ನಾಲ್ಕನೆಯ ದಿನ ಸೀಟಿಯನ್ನು ದುಪಟ್ಟಾದಲ್ಲಿ ಒರೆಸಿ ನನ್ನ ಮೇಜಿನ ಮೇಲಿಟ್ಟಳು. "ಕೂತು ಸಾಕಾತು ಸರ್." ಆ ಕಾಗದವನ್ನು ನಾನು ಓದಿದ್ದು ಅವಳು ಮೈದಾನ ಬಿಟ್ಟು ಹೋದ ಮೇಲೆ.

ಮತ್ತೆ ಅವಳನ್ನು ಕಂಡದ್ದು ಕಡಲ ದಡದಲ್ಲಿ, ರಂಪಣಿ ಬಲೆ ಎಳೆಯುವ ಹೊತ್ತಿನಲ್ಲಿ. ದೋಣಿ ಹೋಗಿ ಬಲೆಯನ್ನು ಅರ್ಧ ಸುತ್ತು ಬಿಟ್ಟು ಬರುತ್ತದೆ, ಅದರ ಎರಡು ತುದಿಯ ಹಗ್ಗ ಹಿಡಿದು ಕೇರಿಯವರೆಲ್ಲ ದಡದಿಂದ ಎಳೆಯುತ್ತಾರೆ. ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಸಮನಾದ ಪಾಲು. ಕೈಲಾಗದ ಮುದುಕರಿಗೆ, ಕಾಯಿಲೆಯವರಿಗೆ ಒಂದು ಹಿಡಿ ಬೇರೆ ತೆಗೆದಿಡುವುದು ಪದ್ಧತಿ. ಅವತ್ತು ಬಲೆಯ ಯಜಮಾನ ಮಂಜಪ್ಪ, ಅವಳ ಸೋದರಮಾವನೇ, ಒಳ್ಳೊಳ್ಳೆಯ ಬಂಗಡೆ ಆರಿಸಿ ಅವಳ ಮುಂದಿಟ್ಟ. ಅವಳು ಮುಟ್ಟಲಿಲ್ಲ.

"ಎಂತಕೆ ಬೇಡ ಮಗಾ?"

"ನಾ ಹಗ್ಗ ಹಿಡದ್ನಾ ಮಾವ?"

"ನಿನ್ ಕೈಲಿ ಆಗೂದಿಲ್ಲ ಹೇಳಿ..."

"ಒಂದ್ ದಿನಾದ್ರೂ ಕೊಟ್ ನೋಡಿದ್ಯಾ?" ಅವಳು ಹಗ್ಗದತ್ತ ಕೈ ತೋರಿಸಿದಳು. "ಸಾಯೂದಿಲ್ಲ ಹೇಳಿ ಡಾಕ್ಟರೇ ಕಳಿಸಿದ್ರು. ನೀವೆಲ್ಲ ಸೇರಿ ಮತ್ತೆ ಮಲಗಿಸ್ತ್ರಿ."

"ಮಾಸ್ತರೆ, ನೀವಾದ್ರೂ ಬುದ್ಧಿ ಹೇಳಿ" ಎಂದ ಮಂಜಪ್ಪ. "ಹೇಳಬೇಕಾದ್ದು ಅವಳಿಗಲ್ಲ ಮಾರಾಯ, ನಿನಗೆ ಮತ್ತು ನನಗೆ. ದೇವರ ಪಟದ ಹಿಂದೆ ಒಂದು ಕಾಗದ ಉಂಟು, ಹೋಗಿ ಓದು" ಎಂದೆ.

ಮರುದಿನದಿಂದ ದಡದಲ್ಲಿ ಅವಳ ನಡಿಗೆ ಶುರುವಾಯಿತು, ಜೊತೆಗೆ ನಾನು. ಡಾಕ್ಟರಿಗೆ ಫೋನು ಮಾಡಿ ಕೇಳಿ ಕೇಳಿಯೇ ಹೆಚ್ಚಿಸಿದೆವು. ಮೊದಮೊದಲು ಒಂದು ದೋಣಿಯಿಂದ ಪಕ್ಕದ ದೋಣಿಯವರೆಗೆ ಹೋಗಿ ಕೂತುಬಿಡುತ್ತಿದ್ದಳು. ಐದು ದೋಣಿ ದಾಟಿದವಳು ಮರುವಾರ ಎರಡಕ್ಕೇ ಸೋತು ಅತ್ತದ್ದೂ ಉಂಟು. ನೋಡಿದವರು ನನಗೆ ತಲೆ ಸರಿಯಿಲ್ಲ ಎಂದರು. ಮಳೆಗಾಲ ಮುಗಿದು ಬಲೆ ಬಿದ್ದಾಗ ಹಗ್ಗದ ತುದಿಯಲ್ಲಿ ಅವಳೂ ನಿಂತಳು. ಎಳೆದಳು, ಕೂತಳು, ಮತ್ತೆ ಎದ್ದು ಎಳೆದಳು. ಮಂಜಪ್ಪ ಅವತ್ತು ಏನೂ ಆರಿಸದೆ, ಚೂರುಪಾರು ಮೀನೂ ಸೇರಿಸಿ, ಎಲ್ಲರಂತೆ ಪಾಲು ಹಾಕಿದ. ಆ ಚೂರುಪಾರು ನೋಡಿ ಅವಳು ನಕ್ಕಳು.

ಇದೆಲ್ಲ ಕಣ್ಣಾರೆ ಕಂಡ ನನಗೇ ಈಗ 'ಪಾಪ'! ಕೊಟ್ಟೆ ಬಿಚ್ಚಿ ನೋಡಿದೆ. ಒಳ್ಳೊಳ್ಳೆಯ ಬಂಗಡೆ, ಒಂದೊಂದೂ ಆರಿಸಿದ್ದು. ನಿವೃತ್ತನಾಗಿ ಎರಡು ವರ್ಷ, ನಾನು ದಡಕ್ಕೆ ಹೋಗದೆ ಎಷ್ಟು ತಿಂಗಳಾಯಿತೋ. ಕೊಟ್ಟೆ ಹಿಡಿದು ಕುಂಟುತ್ತಲೇ ಹೊರಟೆ.

ಎರಡನೆಯ ಬಲೆ ಆಗಷ್ಟೇ ಬಿಟ್ಟಿದ್ದರು. ನಾಗವೇಣಿ ಹಗ್ಗದ ಮುಂದಿನ ಸಾಲಿನಲ್ಲಿದ್ದಳು. ಕೊಟ್ಟೆಯನ್ನು ಅವಳ ಎದುರು ಮರಳಿನ ಮೇಲಿಟ್ಟೆ.

"ಸಿಟ್ಟು ಬಂತಾ ಸರ್?"

"ಬಂತು."

"ಆತು. ಹಂಗಾರೆ ಹಗ್ಗ ಹಿಡೀರಿ."

ಚಪ್ಪಲಿ ಬಿಚ್ಚಿಟ್ಟು ಹಗ್ಗದ ತುದಿಗೆ ಹೋಗಿ ನಿಂತೆ.