ಕೊನೆಯ ಅಂಕಿ ತಪ್ಪಿದ ಪುಸ್ತಕ

ಗ್ರಂಥಾಲಯದಲ್ಲಿ ಅವಳಿಗೆ ಜರಡಿ ಎಂದೇ ಹೆಸರು. ಹೊಸ ಪುಸ್ತಕಗಳನ್ನು ಕಂಪ್ಯೂಟರಿಗೆ ಏರಿಸುವುದು ಅವಳ ಕೆಲಸ. ಪ್ರತಿ ಪುಸ್ತಕದ ಹಿಂಬದಿಗೂ ಒಂದು ಉದ್ದನೆಯ ಸಂಖ್ಯೆ. ಮಿಕ್ಕ ಅಂಕಿಗಳನ್ನು ಲೆಕ್ಕ ಹಾಕಿದರೆ ಕೊನೆಯದು ತಾಳೆಯಾಗಬೇಕು. ಆಗದಿದ್ದರೆ ಪುಸ್ತಕವನ್ನು ಒಳಗೆ ಬಿಡಲೇಬಾರದೆಂದು ಸಾಫ್ಟ್‌ವೇರಿನವಳ ತಲೆ ತಿಂದು ನಿಯಮ ಮಾಡಿಸಿದವಳು ಇವಳೇ. ತಾಳೆಯಾಗದವು ಹಿಂದಿನ ಕೋಣೆಯ ರಟ್ಟಿನ ಪೆಟ್ಟಿಗೆ ಸೇರುತ್ತಿದ್ದವು.

ಹೀಗಿರುವಾಗ ಅವಳ ಮಾವ ಪುಸ್ತಕ ಬರೆದರು. ಜೀವಮಾನವಿಡೀ ಹೊಲಿಗೆ ಯಂತ್ರ ರಿಪೇರಿ ಮಾಡಿದವರು, ಅದನ್ನೇ ಬರೆದರು. ಭಾನುವಾರ ಗೆಳೆಯರನ್ನೆಲ್ಲ ಗ್ರಂಥಾಲಯಕ್ಕೆ ಕರೆತಂದು ಪರದೆಯ ಮೇಲೆ ತಮ್ಮ ಹೆಸರು ತೋರಿಸುವುದಾಗಿ ಊರೆಲ್ಲ ಸಾರಿದರು. ಮುದ್ರಕನೋ, ಕೊನೆಯ ಅಂಕಿಯನ್ನೇ ತಪ್ಪಾಗಿ ಅಚ್ಚು ಹಾಕಿದ್ದ.

ಕಂಪ್ಯೂಟರು ಒಲ್ಲೆ ಎಂದಿತು. ಅಂಕಿ ತಿದ್ದಿ ಹಾಕಿದರೆ ಒಪ್ಪುತ್ತಿತ್ತು. ಆದರೆ ಪುಸ್ತಕ ಕೈಯಲ್ಲಿ ಹಿಡಿದು ಬಂದವರು ಹುಡುಕಲು ಅದರ ಮೇಲಿರುವ ಸಂಖ್ಯೆಯನ್ನೇ ತಾನೇ ಒತ್ತುವುದು? ಸಂಖ್ಯೆ ತಪ್ಪಾದರೂ ಪುಸ್ತಕ ಮೇಜಿನ ಮೇಲೆ ಕಲ್ಲುಗುಂಡಿನ ಹಾಗೆ ಕೂತಿತ್ತು. ಅವಳಿಗೆ ಮೊದಲ ಸಲ ತನ್ನ ನಿಯಮದ ಮೇಲೆ ಸಿಟ್ಟು ಬಂತು.

ಮುಖ ಗಂಟಿಕ್ಕಿಕೊಂಡೇ ಸಾಫ್ಟ್‌ವೇರಿನವಳಿಗೆ ಫೋನ್ ಮಾಡಿದಳು. "ತಪ್ಪಿದ್ರೆ ಎಚ್ಚರಿಕೆ ತೋರ್ಸು, ಸಾಕು. ಬಾಗಿಲು ಹಾಕ್ಬೇಡ."

"ನೀವೇ ಅಲ್ವಾ ಮೇಡಂ, ಬೀಗ ಜಡಿ ಅಂದಿದ್ದು?"

"ನಾನೇ."

"ಈಗ ಒಂದು ಪುಸ್ತಕಕ್ಕೆ ಬಿಡ್ಲಾ, ಎಲ್ಲದಕ್ಕೂ ಬಿಡ್ಲಾ?"

"ಎಲ್ಲದಕ್ಕೂ."

ಭಾನುವಾರ ಪರದೆಯ ಮೇಲೆ ಮಾವನ ಹೆಸರು ಬಂತು, ಕೆಳಗೆ ಕೆಂಪಕ್ಷರದಲ್ಲಿ 'ಸಂಖ್ಯೆ ತಪ್ಪಿದೆ' ಎಂದೂ ಬಂತು. ಗೆಳೆಯರೊಬ್ಬರು ಎರಡನೆಯದನ್ನೇ ಗಟ್ಟಿಯಾಗಿ ಓದಿದರು. "ಮೇಲಿಂದ ಓದಯ್ಯಾ" ಎಂದು ಮಾವ ಗದರಿದರು. ಅವಳಿಗೆ ಹೋದ ಜೀವ ಬಂದ ಹಾಗಾಯಿತು.

ಸೋಮವಾರ ರಟ್ಟಿನ ಪೆಟ್ಟಿಗೆ ಬಿಚ್ಚಿದಳು. ಧೂಳು ಕೊಡವಿ ಒಂದೊಂದನ್ನೇ ಏರಿಸುತ್ತಾ ಹೋದಂತೆ ಒಂದು ತೆಳ್ಳನೆಯ ಪದ್ಯದ ಪುಸ್ತಕ ಕೈಗೆ ಸಿಕ್ಕಿತು. ತೀರಿಹೋದ ಗಂಡನ ಪುಸ್ತಕವೆಂದು ಒಬ್ಬ ಅಜ್ಜಿ ಇದನ್ನು ಕೇಳಿಕೊಂಡು ಬಂದಿದ್ದರು. ಇವಳು ಕಂಪ್ಯೂಟರ್ ನೋಡಿ, ಇಲ್ಲವೆಂದು ಕಳಿಸಿದ್ದಳು. ಸದಸ್ಯರ ವಿವರದಲ್ಲಿ ನಂಬರ್ ಹುಡುಕಿ ಫೋನ್ ಮಾಡಿದಳು.

"ಅಜ್ಜಿ, ನಿಮ್ಮ ಯಜಮಾನರ ಪುಸ್ತಕ ಸಿಕ್ಕಿದೆ."

ಅಜ್ಜಿ ಕೇಳಿದರು: "ಅಂಥ ಪುಸ್ತಕಾನೇ ಇಲ್ಲ ಅಂತ ಅವತ್ತು ಒಬ್ಬಳು ಹೇಳಿದ್ಲಲ್ಲಮ್ಮಾ. ಅವಳಿಗೂ ಒಂದ್ಸಲ ತೋರಿಸ್ತೀಯಾ?"

"ನೋಡಿದಾಳೆ ಅಜ್ಜಿ" ಎಂದಳು.