ಕಂಬಳಿಯ ಅಂಗಿ ತೊಟ್ಟ ಹುಳು

ಮಾನ್ವಿಯ ಫೋಟೊ ಸ್ಟುಡಿಯೋದಲ್ಲಿ ಮದುವೆಯ ಆಲ್ಬಂ ಜೋಡಿಸುವ ಲಲಿತಾಳಿಗೆ ಮದುಮಕ್ಕಳ ಮುಖಕ್ಕಿಂತ ಪತಂಗಗಳ ಮುಖವೇ ಹೆಚ್ಚು ಪರಿಚಯ. ರಜೆ ಸಿಕ್ಕರೆ ಸಾಕು, ಕ್ಯಾಮೆರಾ ಹೆಗಲಿಗೇರಿಸಿ ದೇವದುರ್ಗದ ಕಡೆಯ ಕುರುಚಲು ಕಾಡಿಗೆ ಹೊರಡುವಳು. ಇಲ್ಲವೇ ರಾಯಚೂರಿನ ಯಾವುದಾದರೂ ತೋಟದಲ್ಲಿ ಎಲೆ ಮಗುಚುತ್ತ ಕೂರುವಳು. ಬೆಳಬೆಳಿಗ್ಗೆ ಬೀದಿದೀಪದ ಕಂಬದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತವಳನ್ನು ಕಂಡು, ಏನೋ ಕಳಕೊಂಡಿದ್ದಾಳೆಂದು ಜನ ತಾವೂ ಬಗ್ಗಿ ಹುಡುಕಿದ್ದುಂಟು. ದೀಪದ ಹುಳಕ್ಕೆ ಫೋಟೊ ಯಾತಕ್ಕೆಂದು ಅವರು ನಕ್ಕರೆ ಅವಳೂ ನಗುತ್ತಿದ್ದಳು. ಮೊನ್ನೆಯಿಂದ ಆ ನಗು ಇಲ್ಲ.

ತಂಗಿ ಪ್ರಿಯದರ್ಶಿನಿಯ ಮದುವೆ ಹತ್ತಿರ ಬಂದಿತ್ತು. ಇವರ ಕುರುಬರ ಮನೆಯಲ್ಲಿ ಉಳಿದದ್ದೇನು ತಪ್ಪಿದರೂ ನಡೆದೀತು, ಕರಿಕಂಬಳಿಯ ಗದ್ದಿಗೆ ಹಾಸದೆ ಮದುವೆ ನಡೆಯದು. ಆ ಕಂಬಳಿಗೆ ಅವ್ವ ಬೂದೆಮ್ಮ ನೂತಿದ್ದಳು, ತೀರಿಹೋದ ಅಪ್ಪ ಕನಕರಾಯ ನೇಯ್ದಿದ್ದ. ಅಂಚಿಗೆ ಒಂದೇ ಒಂದು ಬಿಳಿ ಎಳೆ. ಅಮಾವಾಸ್ಯೆಗೊಮ್ಮೆ ಅದನ್ನು ಬಿಸಿಲಿಗೆ ಹಾಕಿ, ಕೊಡವಿ, ಬೇವಿನೆಲೆ ಇಟ್ಟು ಮಡಚುವುದು ಅಪ್ಪನ ಪದ್ಧತಿ. ಅವನ ನಂತರ ಆ ಕೆಲಸ ಲಲಿತಾಳ ಪಾಲಿಗೆ ಬಂತು.

ಹೋದ ಮಳೆಗಾಲ ಅವಳು ಕಂಬಳಿ ಇಟ್ಟಿದ್ದ ಟ್ರಂಕು ತೆರೆದಾಗ ಅಕ್ಕಿಕಾಳಿನಷ್ಟು ಪತಂಗವೊಂದು ಹಾರಿತು. ಮಡಿಕೆಯೊಳಗೆ ಅದರ ಮರಿಹುಳು! ಕಂಬಳಿಯ ಎಳೆಗಳನ್ನೇ ಕಡಿದು ಮೈತುಂಬ ಅಂಗಿ ಮಾಡಿಕೊಂಡು, ಅದನ್ನು ಎಳೆಯುತ್ತ ತೆವಳುತ್ತಿತ್ತು. ಲಲಿತಾಳ ಎದೆ ಕುಣಿಯಿತು. ಬಿಸಿಲಿಗೆ ಹಾಕಿದರೆ ಪಾಪ ಸಾಯುತ್ತದೆ. ರೆಕ್ಕೆ ಮೂಡುವ ತನಕ ಒಂದು ಮೂಲೆ ತಿಂದರೆ ತಿನ್ನಲಿ ಎಂದುಕೊಂಡು ಬೇವಿನೆಲೆಯನ್ನೂ ತೆಗೆದೆಸೆದಳು. ಬಿಡುವಾದಾಗಲೆಲ್ಲ ಫೋಟೊ ತೆಗೆದಳು. ಹೊರಮಡಿಕೆ ಚೆನ್ನಾಗಿಯೇ ಇತ್ತು. ಪೂರ್ತಿ ಬಿಡಿಸಿ ನೋಡುವ ಗೋಜಿಗೆ ಹೋಗಲಿಲ್ಲ.

ಮೊನ್ನೆ ಬೂದೆಮ್ಮ ಬಿಡಿಸಿ ನೋಡಿದಳು. ಎತ್ತಿ ಹಿಡಿದರೆ ತೂತುಗಳೊಳಗಿಂದ ಆಚೆಯ ಗೋಡೆ ಕಾಣುತ್ತಿತ್ತು. ಆಕೆ ಕಂಬಳಿಯನ್ನು ಕೆಳಗಿಟ್ಟಳು.

“ದೇವ್ರು ಒಪ್ಪಿಲ್ಲ. ಈ ಮದಿವಿ ಬ್ಯಾಡ. ಬೀಗರಿಗೆ ಫೋನ್ ಹಚ್ಚು, ಲಲಿತಾ.”

ಪ್ರಿಯದರ್ಶಿನಿ ಗೋಡೆಗೆ ಮುಖ ಮಾಡಿ ಅಳತೊಡಗಿದಳು. ಎರಡು ದಿನ ಲಲಿತಾ ಏನೇನೋ ನೆವ ಹೇಳಿ ಫೋನು ಮುಂದೂಡಿದಳು. ಬಾಯಿ ಬಿಟ್ಟರೆ ಅವ್ವನಿಗೆ ಹೇಗೆ ಮುಖ ತೋರಿಸುವುದು? ಬಿಡದಿದ್ದರೆ ತಂಗಿಯ ಬಾಳು ಒಂದು ಹುಳದಿಂದ ಹಾಳಾಗುತ್ತದೆ. ಇವತ್ತು ಬೂದೆಮ್ಮ ತಾನೇ ಫೋನು ಕೈಗೆತ್ತಿಕೊಂಡಾಗ ಲಲಿತಾ ಓಡಿಬಂದು ಕಸಿದುಕೊಂಡಳು.

“ಯವ್ವಾ, ಇದು ದೇವ್ರ ಮಾಡಿದ್ದಲ್ಲ. ನಾ ಮಾಡಿದ್ದು. ಹುಳ ಅದಾವಂತ ಗೊತ್ತಿದ್ದೂ ಬಿಟ್ಟೆ.”

ಕ್ಯಾಮೆರಾದ ಚಿತ್ರಗಳನ್ನು ತೋರಿಸಿದಳು. ಬೂದೆಮ್ಮ ಒಂದೊಂದನ್ನೇ ನೋಡಿದಳು. ಒಂದರಲ್ಲಿ ಹುಳುವಿನ ಕರಿ ಅಂಗಿಯ ಕೊರಳಿಗೆ ಸಣ್ಣ ಬಿಳಿ ಪಟ್ಟಿಯಿತ್ತು.

“ಇದು ನಾ ನೂತದ್ದು,” ಎಂದಳು ಮೆಲ್ಲಗೆ. ಬಳಿಕ ಕಿರಿಮಗಳ ಕಡೆ ತಿರುಗಿ, “ಅಳಬ್ಯಾಡ ಬೇ. ಮದಿವಿ ನಿಲ್ಲಂಗಿಲ್ಲ. ಇದನ್ನೇ ನಾಕು ಮಡಿಕಿ ಮಾಡಿ ಹಾಸ್ತೀನಿ,” ಎಂದಳು.

ಲಲಿತಾಳಿಗೆ ಉಸಿರು ಬಂದಂತಾಯಿತು. ಬೂದೆಮ್ಮ ಮಾತ್ರ ಚಿತ್ರದಿಂದ ಕಣ್ಣು ಕೀಳಲಿಲ್ಲ.

“ನಿಮ್ಮಪ್ಪನ ಕಂಬಳಿಲೆ ಅಂಗಿ ಹೊಲ್ಕೊಳ್ಳಾಕ ಹುಳಕ್ಕ ಬಂತು. ಬಿಸಲಿಗೆ ಹಾಕಾಕ ನಿನಗ ಬರಲಿಲ್ಲೇನು?”

ಲಲಿತಾ ಕಂಬಳಿ ಎತ್ತಿಕೊಂಡು ಅಂಗಳದ ಬಿಸಿಲಿಗೆ ನಡೆದಳು. ಕೊಡವಿದಾಗ ಪುಟ್ಟ ಪುಟ್ಟ ಕರಿ ಅಂಗಿಗಳು ಕಾಲ ಬಳಿ ಉದುರಿದವು. ಈ ಸಲ ಅವಳು ಬಗ್ಗಿ ನೋಡಲಿಲ್ಲ.