ಲೇಬರ್ ಡೇಗೂ ರಜೆಯಿಲ್ಲದ ಚೆನ್ನಯ

ಸೆಪ್ಟೆಂಬರಿನ ಮೊದಲ ಸೋಮವಾರ, ಬೆಳಗಿನ ಆರು ಗಂಟೆ. ಕೆನಡಾಕ್ಕೆಲ್ಲ ಇವತ್ತು ಲೇಬರ್ ಡೇ ರಜೆ. ರೆಕ್ಸ್‌ಡೇಲ್ ಬಡಾವಣೆಯ ಬ್ರೆಡ್ ಫ್ಯಾಕ್ಟರಿಯ ಅಂಗಳದಲ್ಲಿ ಒಂದೇ ಒಂದು ಕಾರು. ಅದರ ಡಿಕ್ಕಿ ತೆರೆದು ಮೆಕ್ಯಾನಿಕ್ ಚೆನ್ನಯ ತಮ್ಮ ಸ್ಪ್ಯಾನರ್ ಪೆಟ್ಟಿಗೆಗೆ ಕುಂಕುಮ ಇಟ್ಟು, ಸೇವಂತಿಗೆ ಏರಿಸಿ, ಕೈ ಮುಗಿಯುತ್ತಾರೆ. ಆಯುಧಪೂಜೆಗೆ ಇಲ್ಲಿ ರಜೆ ಎಲ್ಲಿಂದ ಬರಬೇಕು? ವರ್ಷದಲ್ಲಿ ಯಂತ್ರ ನಿಲ್ಲುವುದು ಇದೊಂದೇ ದಿನ, ಹಾಗಾಗಿ ಪೂಜೆಯೂ ಇವತ್ತೇ.

ಡಿಕ್ಕಿಯಲ್ಲೇ ಏಕೆ ಎಂದರೆ ಅದೊಂದು ಕತೆ. ಹತ್ತೊಂಬತ್ತು ವರ್ಷದ ಹಿಂದೆ, ಹೊಸತರಲ್ಲಿ, ಭಕ್ತಿ ಉಕ್ಕಿ ಒಳಗೆ ಬ್ರೆಡ್ಡು ಸಾಗಿಸುವ ಬೆಲ್ಟಿಗೇ ಕುಂಕುಮ ಹಚ್ಚಿಬಿಟ್ಟರು ಪುಣ್ಯಾತ್ಮ! ಮರುದಿನ ಬ್ರೆಡ್ಡಿನ ತಳವೆಲ್ಲ ಕೆಂಪು. ಒಂದು ಪಾಳಿಯ ಮಾಲು ಕಸಕ್ಕೆ ಹೋಯಿತು, ಕೆಲಸ ಕೂದಲೆಳೆಯಲ್ಲಿ ಉಳಿಯಿತು. "ಆವತ್ತು ಗೊತ್ತಾಯ್ತು, ಮಿಷನಿಗೆ ಪೂಜೆ ಅಂದ್ರೆ ಗ್ರೀಸ್ ಸರಿ ಹಾಕುವುದು," ಎಂದು ಈಗ ನಗುತ್ತಾರೆ.

ಅವರ ಅಪ್ಪ ಮಂಗಳೂರಿನ ಹಂಚಿನ ಕಾರ್ಖಾನೆಯಲ್ಲಿ ದುಡಿದವರು. ಮೇ ಒಂದಕ್ಕೆ ಅಲ್ಲಿ ಗೇಟಿನಲ್ಲಿ ಕೆಂಬಾವುಟ ಏರುತ್ತಿತ್ತು, ಅಪ್ಪನ ಹೆಗಲೇರಿ ಚೆನ್ನಯ ಮೆರವಣಿಗೆ ನೋಡುತ್ತಿದ್ದರು. ಫಿಲಿಪ್ಪೀನ್ಸಿನಿಂದ ಬಂದ ಜೊತೆಗಾರರಿಗೂ ಊರಲ್ಲಿ ಕಾರ್ಮಿಕರ ದಿನವೆಂದರೆ ಮೇ ಒಂದೇ. ಇಲ್ಲಿ ಮಾತ್ರ ಸೆಪ್ಟೆಂಬರು. ಈ ದಿನ ಡೌನ್‌ಟೌನಿನಲ್ಲಿ ಹೊರಡುವ ಕಾರ್ಮಿಕರ ಮೆರವಣಿಗೆಯಲ್ಲಿ ಚೆನ್ನಯ ಒಮ್ಮೆಯೂ ನಡೆದಿಲ್ಲ. ಎಂಬತ್ತು ಮಂದಿ ರಜೆಯಲ್ಲಿರುವಾಗಲೇ ನಲವತ್ತು ಮೀಟರಿನ ಬೆಲ್ಟು, ನೂರ ಹನ್ನೆರಡು ಬೇರಿಂಗು ನೋಡಿ ಮುಗಿಸಬೇಕು.

ಈ ಸಲ ಆ ರಜೆಯೇ ಹೋಗುವುದರಲ್ಲಿತ್ತು. ಆರ್ಡರು ಜಾಸ್ತಿ, ಲೇಬರ್ ಡೇಗೂ ಲೈನು ಓಡಲಿ ಎಂದಿತು ಆಡಳಿತ. ಅದಕ್ಕೆ ಯಂತ್ರ ಸರಿಯಿದೆ ಎಂಬ ಸೇಫ್ಟಿ ಹಾಳೆಗೆ ಸಹಿ ಹಾಕಬೇಕಾದವರು ಚೆನ್ನಯ. ನಿವೃತ್ತಿಗೆ ಎರಡೇ ವರ್ಷ, ಸುಮ್ಮನೆ ಗೀಚಿ ಬಿಡಿ ಎಂದವರೂ ಇದ್ದರು. ಚೆನ್ನಯ ಪೆನ್ನು ಮುಟ್ಟಲಿಲ್ಲ. ಮ್ಯಾನೇಜರಿಗೆ ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಮಗೆ ತಮ್ಮ ಕನ್ನಡದಲ್ಲಿ ಒಪ್ಪಿಸುತ್ತಾರೆ: "ನಿಲ್ಲಿಸದೆ ಚೆಕ್ ಮಾಡ್ಲಿಕ್ಕೆ ಆಗುದಿಲ್ಲ. ಚೆಕ್ ಮಾಡದೆ ಸೈನ್ ಹಾಕುದಿಲ್ಲ." ಮೂರು ದಿನ ಹಾಳೆ ಸಹಿಯಿಲ್ಲದೆ ಹಾಗೇ ಬಿದ್ದಿತ್ತು. ಕೊನೆಗೆ ಆಡಳಿತವೇ ಮಣಿಯಿತು, ರಜೆ ಉಳಿಯಿತು, ಎಂಬತ್ತು ಮಂದಿಗೂ. ಭಲೆ ಚೆನ್ನಯ!

ಹತ್ತು ಗಂಟೆಗೆ ಫೋನು ಸದ್ದು ಮಾಡುತ್ತದೆ. ಇದೇ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಮಾಡುವ ಹೆಂಡತಿ ವಸಂತಿ ಮೆರವಣಿಗೆಯಿಂದ ವಿಡಿಯೊ ಕಳಿಸಿದ್ದಾರೆ. ಯೂನಿಯನ್ ಬ್ಯಾನರಿನ ಒಂದು ತುದಿ ಅವರ ಕೈಯಲ್ಲಿದೆ. ಚೆನ್ನಯ ಗ್ರೀಸ್ ಮೆತ್ತಿದ ಕೈ ಒರೆಸಿಕೊಂಡು ಎರಡು ಸಲ ನೋಡುತ್ತಾರೆ. ಕಣ್ಣು ತುಂಬಿದ್ದನ್ನು ಮುಚ್ಚಿಡುವುದಿಲ್ಲ. ಅಲ್ಲಿ ನಿಮ್ಮ ಹೆಸರನ್ನೂ ಯಾರಾದರೂ ಕೂಗಬೇಕಿತ್ತಲ್ಲ ಎಂದು ನಾವು ಕೇಳಿದರೆ ಬೇಡವೆಂದು ತಲೆಯಾಡಿಸಿ ಮತ್ತೆ ಸ್ಪ್ಯಾನರ್ ಎತ್ತಿಕೊಳ್ಳುತ್ತಾರೆ.

"ಎಂತಕ್ಕೆ ಮಾರಾಯ್ರೆ? ನಾಳೆ ಬೆಳಿಗ್ಗೆ ನಾಲ್ಕಕ್ಕೆ ಬೆಲ್ಟ್ ಓಡ್ತದೆ. ಓಡದಿದ್ರೆ ಮಾತ್ರ ನನ್ನ ಹೆಸರು ಕೇಳಿ."